ಜೋಳದ ಚೀಲ, ಹಂಚು, ಕೌದಿ: ಬಸ್‌ಸ್ಟ್ಯಾಂಡಿನ ಜಗಳ

ಹಿಂಗಾರಿ ಜೋಳದ ರಾಶಿ ಮುಗಿಯಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಬಸ್‌ಸ್ಟ್ಯಾಂಡುಗಳಲ್ಲಿ ಗಂಟು ಮೂಟೆ ಕಟ್ಟಿಕೊಂಡು ಕುಳಿತವರು ಹೆಚ್ಚುತ್ತಾರೆ. ಗೋವಾ, ಪುಣೆ, ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೊರಟವರು. ಅಲ್ಲಿ ನಾವು ಪ್ರತಿ ವರ್ಷ ಕೇಳುವ ಜಗಳ ಒಂದೇ.

‘ಗೋವಾದಾಗ ಎಲ್ಲಾ ಸಿಗತೈತಿ, ಇಷ್ಟ್ಯಾಕ ಹೊತಗೊಂಡು ಬರ್ತಿ?’

‘ಸಿಗತೈತ್ರಿ. ರೊಕ್ಕ ಯಾರು ಕೊಡ್ತಾರ?’

ಗಂಡಸರ ಮಾತು ಪೂರ್ತಿ ಸುಳ್ಳಲ್ಲ. ಬಸ್ಸು ಬದಲಿಸುವಾಗ ಚೀಲ ಎತ್ತುವವರು ಅವರೇ. ಅಲ್ಲಿ ಸಿಗುವುದು ತಗಡಿನ ಒಂದು ಖೋಲಿ, ಅದರಲ್ಲಿ ನಾಲ್ಕು ಜನ. ಮೇಲಾಗಿ ಸಮುದ್ರದ ದಂಡೆಯ ಹವಾಕ್ಕೆ ಕಡಕ್ ರೊಟ್ಟಿ ಬೇಗ ಮೆತ್ತಗಾಗುತ್ತದೆ. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ. ಅದಕ್ಕೇ ಹಿಟ್ಟಿನ ಬದಲು ಜೋಳವನ್ನೇ ಒಯ್ಯುವುದು ಚಲೋ; ಹತ್ತಿರ ಗಿರಣಿ ಇದೆಯೋ ಇಲ್ಲವೋ, ಮೊದಲು ಹೋದವರನ್ನು ಕೇಳಿಕೊಳ್ಳಿ.

ಆದರೂ ನಾವು ಹೆಣ್ಣುಮಕ್ಕಳ ಕಡೆ. ಆಕೆ ಹಗಲೆಲ್ಲ ಗಂಡನ ಜೊತೆಗೇ ಇಟ್ಟಂಗಿ, ಉಸುಕು ಹೊರುತ್ತಾಳೆ. ಸಂಜೆ ಖೋಲಿಗೆ ಬಂದು ಒಲೆ ಹಚ್ಚುವವಳೂ ಆಕೆಯೇ. ಮೊದಲ ಬಟವಾಡೆ ಕೈಗೆ ಬರುವ ತನಕ ಗಂಟಿನಲ್ಲಿರುವ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಲಿಂಬಿ ಉಪ್ಪಿನಕಾಯಿಯೇ ಸಂಸಾರ ನಡೆಸಬೇಕು. ಅಂಗಡಿಯವನ ಉದ್ರಿ ತಪ್ಪುವುದು, ನಾಲ್ಕು ಸಂಜೆ ಆಕೆಯ ಬೆನ್ನಿಗೆ ವಿಶ್ರಾಂತಿ ಸಿಗುವುದು ಅದರಿಂದಲೇ. ‘ಎಲ್ಲಾ ಸಿಗತೈತಿ’ ಎನ್ನುವವರು ಈ ಲೆಕ್ಕ ಹಾಕುವುದಿಲ್ಲ.

‘ಒಂದು ದೇಶ, ಒಂದು ರೇಷನ್ ಕಾರ್ಡ್’ ಬಂದ ಮೇಲೆ ಬೇರೆ ರಾಜ್ಯದಲ್ಲೂ ತಲೆಗೆ 5 ಕೆಜಿ ಧಾನ್ಯ ಎತ್ತಬಹುದು. ಅದನ್ನು ಬಿಡಬೇಡಿ. ಆದರೆ ಅಲ್ಲಿ ಕೈಗೆ ಬರುವುದು ಅಕ್ಕಿ, ಗೋದಿ. ಬಿಳಿಜೋಳ ಉಂಡು ಬೆಳೆದ ಹೊಟ್ಟೆ ಅನ್ನಕ್ಕೆ ತುಂಬುತ್ತದೆಯೇ? ನೀವೇ ಹೇಳಿ.

ನಾವು ವಿಜಯಪುರದಲ್ಲಿ ಓದುವಾಗ ಊರಿನ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಊರಲ್ಲಿ ಊಟ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆಗ ಭಾರದ ಮಾತನ್ನು ಯಾರ ಅಪ್ಪನೂ ಎತ್ತಲಿಲ್ಲ.

ದುಬೈ ಕಡೆ ಹೊರಟವರಿಗೆ ಒಂದು ಮಾತು: ಗಸಗಸೆ ಮಾತ್ರ ಒಯ್ಯಲೇಬೇಡಿ. ಅಲ್ಲಿ ಅದಕ್ಕೆ ನಿಷೇಧ ಇದೆ, ಸಿಕ್ಕರೆ ಜೈಲು. ಈ ವಿಷಯದಲ್ಲಿ ಗಂಡ ಹೆಂಡತಿ ಜಗಳಾಡುವುದೇ ಬೇಡ.

ನಮ್ಮ ಮಾತಿಷ್ಟೇ: ಅಡುಗಿ ಯಾರು ಮಾಡುತ್ತಾರೋ ಗಂಟಿನಲ್ಲಿ ಏನಿರಬೇಕೆಂದು ಅವರೇ ಹೇಳಲಿ. ಹಂಚು, ಕೊಣಮಗಿ ಬೇಕೆಂದರೆ ಬೇಕು.

ಇನ್ನು ಕೌದಿ. ಗೋವಾದ ಸೆಕೆಗೆ ಅದು ಬೇಡವೆಂದು ನಮ್ಮಲ್ಲಿ ಇಬ್ಬರು. ಅವ್ವನ ಹಳೇ ಸೀರೆಯಿಂದ ಹೊಲಿದದ್ದು, ಬರಿ ನೆಲಕ್ಕೆ ಹಾಸಲಾದರೂ ಬೇಕೆಂದು ಮೂವರು. ಈ ಬರಹ ಮುಗಿದರೂ ಆ ವಾದ ಮುಗಿದಿಲ್ಲ.