ಬೇಲಿ ಕಿತ್ತವರು ಯಾರು?



ಪೀಣ್ಯದ ಮಗ್ಗುಲಿನ ಹೆಗ್ಗನಹಳ್ಳಿ ಒಂದು ಕಾಲಕ್ಕೆ ನಮ್ಮೂರುಗಳ ಹಾಗೇ ಬೇಸಾಯದ ಊರು. ಇವತ್ತು ಬೆಂಗಳೂರಿನ ಬೀದಿ. ಅಲ್ಲಿಗೆ ಬಿಹಾರ, ಒಡಿಶಾದಿಂದ ಬಂದ ಕೂಲಿಯವರನ್ನು ತೋರಿಸಿ, 'ಹೊರಗಿನವರು ನಮ್ಮನ್ನು ಹಾಳು ಮಾಡಿದರು' ಅನ್ನೋರು ಬಹಳ ಮಂದಿ. ಸ್ವಲ್ಪ ತಡೀರಿ. ಬಾಡಿಗೆ ಕೋಣೆಯಲ್ಲಿ ಮಲಗೋ ಆ ಬಡಪಾಯಿ ಯಾರ ಪಹಣಿ ಬದಲಾಯಿಸಿದ?

1961ರ ಭೂಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಕಲಮುಗಳು ಹೊಲದ ಬೇಲಿಯಂತಿದ್ದವು. ಬೇಸಾಯಗಾರನಲ್ಲದ ಹಣವಂತ ಜಮೀನು ಕೊಳ್ಳೋ ಹಾಗಿರಲಿಲ್ಲ. 2015ರಲ್ಲಿ ಆದಾಯದ ಮಿತಿಯನ್ನು 25 ಲಕ್ಷಕ್ಕೆ ಏರಿಸಿದರು. 2020ರಲ್ಲಿ ಬೇಲಿಯನ್ನೇ ಕಿತ್ತರು. ಕಿತ್ತದ್ದು ಬಿಹಾರದವನಲ್ಲ. ಹಸಿರು ಶಾಲು ಹೊದ್ದು ರೈತರ ಹೆಸರಲ್ಲಿ ಪ್ರಮಾಣ ಮಾಡಿದ ಯಡಿಯೂರಪ್ಪನವರ ಸರ್ಕಾರ. ಸಂಪ್ರದಾಯ ಉಳಿಸ್ತೀವಿ ಅನ್ನೋ ಭಾರತೀಯ ಜನತಾ ಪಕ್ಷ. ವಿಧಾನ ಪರಿಷತ್ತಿನಲ್ಲಿ ಅವರಿಗೆ ಬೆಂಬಲ ಕೊಟ್ಟದ್ದು ಮಣ್ಣಿನ ಮಕ್ಕಳ ಪಕ್ಷ ಅನ್ನಿಸಿಕೊಂಡ ಜಾತ್ಯತೀತ ಜನತಾ ದಳ. ಎಲ್ಲರೂ ಅಚ್ಚ ಕನ್ನಡಿಗರೇ!

'ಗಿರಾಕಿ ಜಾಸ್ತಿಯಾದರೆ ರೇಟು ಏರುತ್ತೆ' ಅಂತ ನಮ್ಮವರಲ್ಲೂ ಕೆಲವರು ಹೇಳ್ತಾರೆ. ನಿಜ. ಆದರೆ ಆ ರೇಟು ಮಾರೋನಿಗೆ ಸಿಗೋದು ಒಂದೇ ಸಲ. ಉಳುವ ಮಗ ಪಕ್ಕದ ಎರಡೆಕರೆ ಕೊಳ್ಳೋಕೆ ಹೋದಾಗ ಅದೇ ರೇಟು ಅವನ ಕುತ್ತಿಗೆಗೆ.

ರೈತ ಖುಷಿಗೆ ಮಾರೋದಿಲ್ಲ. ಬೆಳೆಗೆ ಬೆಲೆ ಇಲ್ಲ, ಸಾಲಕ್ಕೆ ಬಡ್ಡಿ ನಿಲ್ಲೋದಿಲ್ಲ, ಅದಕ್ಕೇ ಮಾರ್ತಾನೆ. ಕೊಂಡವನು ಹೊರರಾಜ್ಯದ ಸಾಹುಕಾರನೋ ನಮ್ಮ ಜಿಲ್ಲೆಯ ಧಣಿಯೋ, ಪಹಣಿಯಿಂದ ಹೋದ ಹೆಸರು ಹೋದದ್ದೇ.

ಓಟಿಗೆ ಬಂದವರು ಹೊರಗಿನವರ ಮಾತೆತ್ತಿದರೆ ಒಂದೇ ಪ್ರಶ್ನೆ ಕೇಳಿ: 79ಎ, 79ಬಿ ವಾಪಸ್ಸು ತರ್ತೀರೋ, ಇಲ್ಲವೋ?