ಗಂಡು ಪರಂಗಿಗೆ ಮಚ್ಚು ಹಾಕುವ ಮುಂಚೆ

ಪರಂಗಿ ತೋಟದಲ್ಲಿ ಹೂವು ಕಂಡ ವಾರವೇ ಮಚ್ಚು ಹೊರಗೆ ಬರುತ್ತದೆ. ಉದ್ದನೆಯ ತೊಟ್ಟಿನಲ್ಲಿ ಸಣ್ಣ ಹೂವು ಗೊಂಚಲಾಗಿ ಜೋತುಬಿದ್ದರೆ ಗಂಡು, ಎಲೆಯ ಬುಡದಲ್ಲಿ ಕಾಂಡಕ್ಕೇ ಅಂಟಿಕೊಂಡು ದಪ್ಪ ಮೊಗ್ಗು ಬಂದರೆ ಹೆಣ್ಣು. ಹತ್ತು ಹೆಣ್ಣಿಗೆ ಒಂದು ಗಂಡು ಸಾಕು, ಉಳಿದವನ್ನು ಕಡಿಯಿರಿ ಎಂದು ತರಬೇತಿಗಳಲ್ಲಿ ಹೇಳುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಒಂದು ಯಾವುದು? ನಾವು ನೋಡಿದ ತೋಟಗಳಲ್ಲಿ ಹೆಚ್ಚಾಗಿ ಉಳಿದಿದ್ದು ಬೇಲಿ ಪಕ್ಕ, ಯಾರ ಕೆಲಸಕ್ಕೂ ಅಡ್ಡ ಬರದ ಗಿಡ.

ಹಣ್ಣು ಮಾರುವುದಷ್ಟೇ ಆದರೆ ಯಾವ ಗಂಡಾದರೂ ನಡೆಯುತ್ತದೆ. ಒಳ್ಳೆ ಗಂಡಿದ್ದರೆ ಈ ಸಲದ ಹಣ್ಣೇ ಸಿಹಿಯಾಗುತ್ತದೆ ಎನ್ನುವ ಮಾತು ಸುಳ್ಳು. ತಿರುಳು ಪೂರ್ತಿ ತಾಯಿಯದು. ತಂದೆಯ ಪಾಲು ಇರುವುದು ಬೀಜದೊಳಗೆ, ಅದು ತೋರುವುದು ಮುಂದಿನ ತೋಟದಲ್ಲಿ. ಹಾಗಾಗಿ ಬೀಜ ಎತ್ತಿಡುವವರಿಗೆ ಇದು ಸಣ್ಣ ವಿಷಯವಲ್ಲ. ಪರಂಗಿಯಲ್ಲಿ ಹಳದಿ ತಿರುಳು ಕೆಂಪಿನ ಮೇಲೆ ಸವಾರಿ ಮಾಡುವ ಗುಣ. ಕೆಂಪು ಹಣ್ಣಿನ ತಾಯಿಗೆ ಹಳದಿ ಮನೆತನದ ಗಂಡಿನ ಪರಾಗ ಬಿದ್ದರೆ ಮಕ್ಕಳ ಹಣ್ಣು ಹಳದಿಯಾಗುತ್ತದೆ. ಆಗ ನಾವು 'ಬೀಜ ಕೆಟ್ಟಿತು' ಎಂದು ತಾಯಿಗೆ ಬೈಯುತ್ತೇವೆ. ಅಪ್ಪ ಬೇಲಿ ಪಕ್ಕ ಸುಮ್ಮನೆ ನಿಂತಿರುತ್ತಾನೆ.

ಹಣ್ಣೇ ಬಿಡದ ಗಿಡವನ್ನು ಅಳೆಯುವುದು ಹೇಗೆ? ಹಸು ಸಾಕಿದವರಿಗೆ ಉತ್ತರ ಗೊತ್ತಿದೆ. ಹೋರಿ ಹಾಲು ಕೊಡುವುದಿಲ್ಲ. ಅದರ ಹೆಣ್ಣುಕರುಗಳು ದೊಡ್ಡವಾಗಿ ಎಷ್ಟು ಹಾಲು ಕೊಟ್ಟವು ಎಂದು ನೋಡಿಯೇ ಹೋರಿಗೆ ಬೆಲೆ ಕಟ್ಟುತ್ತಾರೆ. ಪರಂಗಿಗೂ ಅದೇ ದಾರಿ.

ಮೊದಲ ಜರಡಿ ಕಣ್ಣಳತೆಯದು. ನಿಮ್ಮ ಅತ್ಯುತ್ತಮ ಹೆಣ್ಣುಮರ ಯಾವ ಹಣ್ಣಿನ ಬೀಜದಿಂದ ಬಂತೋ ಅದೇ ಬೀಜದ ಗಂಡುಗಳನ್ನು ಗುರುತಿಸಿ. ಅವುಗಳಲ್ಲಿ ಗಿಡ್ಡವಾಗಿ, ಗೆಣ್ಣು ಹತ್ತಿರ ಹತ್ತಿರ ಇದ್ದು, ಕಾಂಡ ದಪ್ಪಗಿರುವುದನ್ನು ಆರಿಸಿ. ಅಕ್ಕಪಕ್ಕದ ಗಿಡಗಳ ಎಲೆಗೆಲ್ಲ ಉಂಗುರ ಚುಕ್ಕೆ ರೋಗ ಬಂದು ಮುದುಡಿದಾಗಲೂ ತಡೆದು ನಿಂತ ಗಂಡು ಸಿಕ್ಕರೆ ಅದನ್ನು ಬಿಡಲೇಬೇಡಿ. ಒಂದನ್ನೇ ನೆಚ್ಚಬಾರದು, ಮೂರ್ನಾಲ್ಕಿರಲಿ.

ಎರಡನೆಯದು ನಿಜವಾದ ಪರೀಕ್ಷೆ. ನಾಳೆ ಅರಳುವ ಹೆಣ್ಣು ಮೊಗ್ಗಿಗೆ ಇಂದೇ ಕಾಗದದ ಚೀಲ ಕಟ್ಟಿ. ಬೆಳಿಗ್ಗೆ ಆರಿಸಿದ ಗಂಡಿನಿಂದ ಆಗಷ್ಟೇ ಅರಳಿದ ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ತುದಿಗೆ ಸವರಿ ಮತ್ತೆ ಚೀಲ ಮುಚ್ಚಿ. ಒಂದೊಂದು ಗಂಡಿಗೆ ಒಂದೊಂದು ಬಣ್ಣದ ದಾರ ಕಟ್ಟಿ. ಒಂದು ಹಣ್ಣಿನಲ್ಲಿ ನೂರಾರು ಬೀಜ ಸಿಗುತ್ತವೆ, ಆದರೆ ಪರೀಕ್ಷೆಗೆ 20 ಸಸಿ ಸಾಕು. ಹೆಚ್ಚು ಕಡಿಮೆ ಅರ್ಧ ಹೆಣ್ಣಾಗುತ್ತವೆ. ಆ ಹೆಣ್ಣುಮಕ್ಕಳ ಹಣ್ಣು ಕೊಯ್ದು ತಿಂದಾಗ ಅಪ್ಪನ ಯೋಗ್ಯತೆ ಗೊತ್ತಾಗುತ್ತದೆ. ಇದಕ್ಕೆ ಒಂದೂವರೆ ವರ್ಷದ ಹತ್ತಿರ ಬೇಕು. ಅಲ್ಲಿಯವರೆಗೆ ಅಪ್ಪ ಬದುಕಿರಬೇಕು, ನಮ್ಮ ತಕರಾರು ಇರುವುದು ಇಲ್ಲೇ. ಹೂವು ಕಂಡ ವಾರವೇ ಕಡಿದರೆ ಮಕ್ಕಳ ಹಣ್ಣು ಬರುವ ಹೊತ್ತಿಗೆ ಹಿಂದಿರುಗಿ ನೋಡಲು ಮರವೇ ಇರುವುದಿಲ್ಲ. (ಜಾಯಿಕಾಯಿಯಲ್ಲೂ ಗಂಡು ಹೆಣ್ಣು ಬೇರೆ ಬೇರೆ, ಆದರೆ ಅವರು ಕಸಿ ಕಟ್ಟಿ ಪಾರಾಗುತ್ತಾರೆ. ಬೀಜದಿಂದಲೇ ಬರುವ ಪರಂಗಿಗೆ ಆ ಸುಲಭ ದಾರಿ ಇಲ್ಲ.)

ಇದೆಲ್ಲ ಗಂಡು ಹೆಣ್ಣು ಬೇರೆಯಿರುವ ನಾಟಿ ಪರಂಗಿಗೆ, ವಾಷಿಂಗ್ಟನ್, ಸಿಒ-2, ಪೂಸಾ ಡ್ವಾರ್ಫ್ ಥರದ ತಳಿಗೆ. ಕೂರ್ಗ್ ಹನಿ ಡ್ಯೂ, ಸೂರ್ಯ ತಳಿಗಳಲ್ಲಿ ಬರೀ ಗಂಡುಮರ ಬರುವುದಿಲ್ಲ, ದ್ವಿಲಿಂಗಿ ಮರವೇ ಆ ಕೆಲಸ ಮಾಡುತ್ತದೆ. ರೆಡ್ ಲೇಡಿ ಹೈಬ್ರಿಡ್. ಅದರ ಬೀಜ ಎತ್ತಿಟ್ಟರೆ ಮಕ್ಕಳು ಒಂದರಂತೆ ಒಂದು ಇರುವುದಿಲ್ಲ, ಹೊಸ ಪೊಟ್ಟಣಕ್ಕೆ ಮತ್ತೆ ಅಂಗಡಿಗೇ ಹೋಗಬೇಕು. ನಾಟಿ ತಳಿ ಕೈಬಿಟ್ಟವರಿಗೆ ಈ ಖರ್ಚು ವರ್ಷ ವರ್ಷವೂ ತಪ್ಪಿದ್ದಲ್ಲ.

ತೋಟಗಾರಿಕೆ ಇಲಾಖೆಯವರು ತರಬೇತಿಗೆ ಬಂದಾಗ ನಾವೇ ಕೇಳೋಣ: ಎಷ್ಟು ಗಂಡು ಬಿಡಬೇಕು ಅಂತ ಹೇಳಿದ್ದೀರಿ, ಯಾವುದನ್ನು ಬಿಡಬೇಕು ಅಂತ ತೋಟಕ್ಕೇ ಬಂದು ತೋರಿಸಿ. ಬೀಜ ಎತ್ತಿಡುವ ಅಕ್ಕಂದಿರು, ಅಮ್ಮಂದಿರಿಗೂ ಒಂದು ಮಾತು. ಪೊಟ್ಟಣದ ಮೇಲೆ ತಾಯಿಮರದ ಗುರುತು ಹೇಗೂ ಬರೆಯುತ್ತೀರಿ, ಪಕ್ಕದಲ್ಲೇ ಅಪ್ಪನ ಗುರುತನ್ನೂ ಬರೆದಿಡಿ.