ಡಿವಿಡೆಂಡಿನಲ್ಲಿ ಸಂಸಾರ ಸಾಗೀತೆ?

ಒಂದು ಕಾಲದಲ್ಲಿ ಡಿವಿಡೆಂಡ್ ಬರುತ್ತಿದ್ದುದು ಅಂಚೆಯಲ್ಲಿ. ಉದ್ದನೆಯ ಲಕೋಟೆ, ಒಳಗೊಂದು ವಾರಂಟು. ‘ಏನ್ರೀ ಅದು?’ ಎಂದು ಹೆಂಡತಿ ಕೇಳಿದರೆ, ‘ನಿನಗೆ ತಿಳಿಯೋಲ್ಲ ಬಿಡು’ ಎಂಬ ಉತ್ತರ. ಈಗ ಲಕೋಟೆ ಮಾಯವಾಗಿದೆ, ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಆ ಉತ್ತರ ಮಾತ್ರ ಅನೇಕ ಮನೆಗಳಲ್ಲಿ ಹಾಗೆಯೇ ಉಳಿದಿದೆ.

‘ಸಂಬಳ ನಿಂತ ಮೇಲೆ ಡಿವಿಡೆಂಡಿನಲ್ಲೇ ಮನೆ ನಡೆಯಬೇಕು’ ಎಂಬ ಆಸೆ ತಪ್ಪಲ್ಲ. ಆದರೆ ಆಸೆಗೂ ಒಂದು ಲೆಕ್ಕ ಬೇಕು.

ಕಂಪನಿಯೊಂದು ಶೇ 300ರಷ್ಟು ಡಿವಿಡೆಂಡ್ ಘೋಷಿಸಿತು ಎಂದುಕೊಳ್ಳಿ. ಹಿಗ್ಗಬೇಡಿ. ಈ ಶೇಕಡಾವಾರು ಷೇರಿನ ಮುಖಬೆಲೆಯ ಮೇಲಿನದು. ಮುಖಬೆಲೆ 2 ರೂಪಾಯಿ ಇದ್ದರೆ ಕೈಗೆ ಬರುವುದು 6 ರೂಪಾಯಿ. ಆ ಷೇರನ್ನು ನೀವು 600 ರೂಪಾಯಿಗೆ ಕೊಂಡಿದ್ದರೆ ಸಿಕ್ಕ ಪ್ರತಿಫಲ ಶೇ 1 ಮಾತ್ರ!

ನಿಮ್ಮ ಮನೆಯ ಖರ್ಚು ತಿಂಗಳಿಗೆ 30,000 ರೂಪಾಯಿ ಎನ್ನೋಣ. ವರ್ಷಕ್ಕೆ 3.60 ಲಕ್ಷ. ಹಾಕಿದ ಹಣಕ್ಕೆ ಶೇ 2ರಂತೆ ಡಿವಿಡೆಂಡ್ ಬಂದರೆ, ಇಷ್ಟು ಪಡೆಯಲು 1.80 ಕೋಟಿ ರೂಪಾಯಿಯ ಷೇರು ಬೇಕು. ಎದೆ ಝಲ್ಲೆನ್ನುತ್ತದೆ, ಅಲ್ಲವೇ? ಹಾಗೆಂದು ಕೈಚೆಲ್ಲಬೇಕಿಲ್ಲ. ಮೊದಲು ಕರೆಂಟ್ ಬಿಲ್ಲನ್ನಷ್ಟೇ ಗುರಿ ಮಾಡಿಕೊಳ್ಳಿ. ತಿಂಗಳಿಗೆ 1,000 ರೂಪಾಯಿ ಬಿಲ್ಲಿಗೆ 6 ಲಕ್ಷದ ಷೇರು ಸಾಕು. ತಿಂಗಳಿಗೆ 5,000 ತೆಗೆದಿಟ್ಟರೆ ಹತ್ತು ವರ್ಷಕ್ಕೆ ಅಸಲೇ ಅಷ್ಟಾಗುತ್ತದೆ. ಬಂದ ಡಿವಿಡೆಂಡನ್ನು ಖರ್ಚು ಮಾಡದೆ ಮತ್ತೆ ಷೇರಿಗೇ ಹಾಕುತ್ತಾ ಹೋದರೆ ಇನ್ನೂ ಬೇಗ. ಆಮೇಲೆ ಗ್ಯಾಸು, ಹಾಲು, ದಿನಸಿ. ಹನಿಗೂಡಿದರೆ ಹಳ್ಳ.

ಎಚ್ಚರಿಕೆಯ ಮಾತೂ ಉಂಟು. ಡಿವಿಡೆಂಡ್ ಬಡ್ಡಿಯಲ್ಲ, ಪಿಂಚಣಿಯೂ ಅಲ್ಲ, ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಹಾವಳಿಯ ನಡುವೆ, 2019-20ನೇ ಸಾಲಿನ ಲಾಭದಲ್ಲಿ ಡಿವಿಡೆಂಡ್ ಹಂಚಬಾರದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತು. ಬರೀ ಬ್ಯಾಂಕ್ ಷೇರುಗಳನ್ನೇ ನಂಬಿದ್ದವರ ಪಾಡು ಊಹಿಸಿಕೊಳ್ಳಿ. ಆದ್ದರಿಂದ ನಾಲ್ಕಾರು ಬೇರೆ ಬೇರೆ ಉದ್ಯಮಗಳಲ್ಲಿ ಹಣ ಹಂಚಿರಲಿ. ಒಂದು ವರ್ಷದ ಖರ್ಚು ಬ್ಯಾಂಕ್ ಠೇವಣಿಯಲ್ಲಿರಲಿ. ಶೇ 8, ಶೇ 10 ಡಿವಿಡೆಂಡ್ ಎಂದು ಕಣ್ಣು ಕುಕ್ಕುವ ಷೇರು ಕಂಡರೆ, ಕಂಪನಿ ಕಷ್ಟದಲ್ಲಿ ಸಿಕ್ಕಿ ಷೇರಿನ ಬೆಲೆ ಕುಸಿದಿದೆಯೇ ಎಂದು ಮೊದಲು ನೋಡಿ.

ತೆರಿಗೆಯನ್ನೂ ಮರೆಯುವಂತಿಲ್ಲ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ. ಹೆಂಡತಿಗೆ ಹಣ ಕೊಟ್ಟು ಆಕೆಯ ಹೆಸರಿನಲ್ಲಿ ಷೇರು ಕೊಂಡರೆ ತೆರಿಗೆ ತಪ್ಪುತ್ತದೆ ಎಂದುಕೊಳ್ಳಬೇಡಿ. ಆ ಡಿವಿಡೆಂಡ್ ಗಂಡನ ಲೆಕ್ಕಕ್ಕೇ ಬರುತ್ತದೆ. ಆಕೆಯದೇ ದುಡಿಮೆಯ ಹಣವಾದರೆ ಮಾತು ಬೇರೆ.

ಇನ್ನು ಮೊದಲಿನ ಮಾತಿಗೆ ಬರುತ್ತೇನೆ. ಸತತ ಏಳು ವರ್ಷ ಡಿವಿಡೆಂಡನ್ನು ಯಾರೂ ಪಡೆಯದಿದ್ದರೆ ಆ ಹಣವಷ್ಟೇ ಅಲ್ಲ, ಷೇರುಗಳೂ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ವಾರಸುದಾರರು ಅರ್ಜಿ ಹಾಕಿ ವಾಪಸು ಪಡೆಯಬಹುದು, ನಿಜ. ಆದರೆ ಅಂಥದೊಂದು ಷೇರು ಇದೆ ಎಂಬುದೇ ತಿಳಿಯದಿದ್ದರೆ ಅರ್ಜಿ ಹಾಕುವವರು ಯಾರು? ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟದ್ದು, ಯಾರಿಗಾಗಿ ಕೂಡಿಟ್ಟರೋ ಅವರ ಕೈಗೇ ಸಿಗದೆ ಹೋಗುತ್ತದೆ.

ಈ ಭಾನುವಾರ ಕಾಫಿ ಕುಡಿದಾದ ಮೇಲೆ ಮನೆಯವರೆಲ್ಲ ಒಟ್ಟಿಗೆ ಕುಳಿತುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ಕಂಪನಿಯ ಹೆಸರು, ಷೇರುಗಳ ಸಂಖ್ಯೆ, ಡಿಮ್ಯಾಟ್ ಖಾತೆಯ ನಂಬರು, ಡಿವಿಡೆಂಡ್ ಜಮೆಯಾಗುವ ಬ್ಯಾಂಕು, ನಾಮಿನಿಯ ಹೆಸರು, ಇಷ್ಟನ್ನು ಬರೆದಿಡಿ. ಬರೆಯುವ ಕೆಲಸ ಮಕ್ಕಳಿಗೆ ಬಿಡಿ. ‘ಏನ್ರೀ ಅದು?’ ಎಂದು ಮನೆಯಾಕೆ ಕೇಳಿದರೆ, ಈ ಸಲ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ.